ಮೈ ಹುಷಾರಿಲ್ಲದಾಗ ಬೆಳಗಿನ ಓಟಕ್ಕೆ ಹೋಗಬಹುದಾ?

ಎರಡು ದಿನದಿಂದ ನೆಗಡಿ, ಜೊತೆಗೆ ಸ್ವಲ್ಪ ಮೈಕೈ ನೋವು, ಭಾನುವಾರದ 10 ಕಿಲೋಮೀಟರ್ ಓಟಕ್ಕೆ ದುಡ್ಡು ಬೇರೆ ಕಟ್ಟಿದ್ದೇನೆ, ನಾಳೆ ಲಾಲ್‌ಬಾಗಿಗೆ ಅಭ್ಯಾಸಕ್ಕೆ ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ಬರೀ ನೆಗಡಿ ಆಗಿದ್ದರೆ ಹೋಗಿ ಎನ್ನುತ್ತಿದ್ದೆ. ಆ ಮೈಕೈ ನೋವು ಇದೆಯಲ್ಲ, ಅದಕ್ಕೇ ಬೇಡ ಎನ್ನುತ್ತೇನೆ.

ಓಡುವವರು ಸಾಮಾನ್ಯವಾಗಿ ಕತ್ತನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಮೂಗು ಸೋರುವುದು, ಸೀನು, ಗಂಟಲು ಕೆರೆತ ಇವೆಲ್ಲ ಕತ್ತಿನ ಮೇಲಿನವು. ನಿಧಾನಕ್ಕೆ ನಡೆಯಬಹುದು, ಹತ್ತು ನಿಮಿಷ ಆದ ಮೇಲೂ ಮೈ ಹಗುರ ಅನ್ನಿಸದಿದ್ದರೆ ವಾಪಸ್ ಬರಬೇಕು. ಎದೆಯಲ್ಲಿ ಕಫ, ಉಬ್ಬಸ, ಭೇದಿ, ಮೈಕೈ ನೋವು ಇದ್ದರೆ ಮನೆಯಲ್ಲೇ ಇರಿ. ಜ್ವರ ಇದ್ದರಂತೂ ಮಾತೇ ಇಲ್ಲ.

ನಾನು ಇದನ್ನು ಪೆಟ್ಟು ತಿಂದೇ ಕಲಿತೆ. ಒಮ್ಮೆ ಓಟದ ಹಿಂದಿನ ರಾತ್ರಿ ಜ್ವರ ಬಂತು. ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿದೆ, ಜ್ವರ ಇಳಿಯಿತು, ಹೋದೆ. ಆರನೇ ಕಿಲೋಮೀಟರಿಗೆ ಎದೆ ಡವಡವ, ಕಣ್ಣು ಮಂಜು. ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಆಮೇಲೆ ಮೂರು ವಾರ ಒಂದು ಮಹಡಿ ಹತ್ತಿದರೂ ಏದುಸಿರು. ಮಾತ್ರೆ ಇಳಿಸಿದ್ದು ಜ್ವರವನ್ನು ಮಾತ್ರ, ಕಾಯಿಲೆ ಹಾಗೇ ಇತ್ತು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎದೆಬಡಿತ ನಿಮಿಷಕ್ಕೆ ಸುಮಾರು 10 ಜಾಸ್ತಿಯಾಗುತ್ತದೆ, ಅದರ ಮೇಲೆ ಓಟ ಬೇರೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿನಲ್ಲೇ ಉರಿಯೂತ ತರುತ್ತವೆ. ಅಪರೂಪ ನಿಜ, ಆದರೆ ಆಗ ಓಡಿದರೆ ಬಡಿತದ ಲಯವೇ ತಪ್ಪಿ ಜೀವಕ್ಕೆ ಕುತ್ತಾಗಬಹುದು.

ಮಳೆಗಾಲದಲ್ಲಿ ಬೆಂಗಳೂರಿನವರಿಗೆ ಇನ್ನೊಂದು ಮಾತು. ಜ್ವರ ಬಿಟ್ಟ ದಿನವೇ ಶೂ ಹಾಕಬೇಡಿ. ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಜ್ವರ ಇಳಿಯುತ್ತದೆ. ಹುಷಾರಾದೆವು ಅಂದುಕೊಳ್ಳುತ್ತೇವೆ. ಆದರೆ ಕೆಲವರಿಗೆ ನಿಜವಾದ ಅಪಾಯ ಶುರುವಾಗುವುದೇ ಆ ಒಂದೆರಡು ದಿನಗಳಲ್ಲಿ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಸೀದಾ ಆಸ್ಪತ್ರೆಗೆ ಹೋಗಿ. ಡೆಂಗಿ ಅನುಮಾನ ಇದ್ದಾಗ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಅಂದಹಾಗೆ, ಅದು ನೆಗಡಿಯೇ ಅಲ್ವಾ? ಜ್ವರ ಇಲ್ಲದೆ ಕಣ್ಣು ಮೂಗು ತುರಿಸಿ, ಸಾಲಾಗಿ ಸೀನು ಬಂದರೆ ಅಲರ್ಜಿ ಇರಬಹುದು. ನಮ್ಮ ಬಡಾವಣೆಯ ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ, ಅದು ಹೂ ಬಿಟ್ಟಾಗ ನನಗೆ ಹೀಗೇ ಆಗುತ್ತದೆ. ಅಂಥ ದಿನ ಮನೆಯೊಳಗೇ ಮೆಟ್ಟಿಲು ಹತ್ತಿ ಇಳಿಯುತ್ತೇನೆ.

ಈಗ ನಾನು ಹಾಸಿಗೆಯಿಂದ ಏಳುವ ಮೊದಲೇ ನಾಡಿ ಎಣಿಸುತ್ತೇನೆ. ಮಾಮೂಲಿ 62 ಇರುತ್ತದೆ. 72 ದಾಟಿದರೆ ಮತ್ತೆ ಮುಸುಕು ಹಾಕಿ ಮಲಗುತ್ತೇನೆ. ನಿಮ್ಮದು ಮಾಮೂಲಿ ಎಷ್ಟೆಂದು ಗೊತ್ತಿಲ್ಲದಿದ್ದರೆ ಹುಷಾರಾದ ಮೇಲೆ ಒಂದು ವಾರ ಬರೆದಿಡಿ.

ಭಾನುವಾರದ ಓಟ ಬಿಡಿ. ಮಾತ್ರೆ ಇಲ್ಲದೆ ಜ್ವರ, ಮೈ ನೋವು ಎರಡೂ ಹೋಗಿ ಕೆಲವು ದಿನ ಕಳೆದ ಮೇಲೆ ನಡಿಗೆಯಿಂದ ಶುರು ಮಾಡಿ. ಕಟ್ಟಿದ ದುಡ್ಡಿಗೆ ಟೀ ಶರ್ಟಂತೂ ಕೊಡುತ್ತಾರಲ್ಲ, ಯಾರನ್ನಾದರೂ ಕಳಿಸಿ ಇಸ್ಕೊಳ್ಳಿ.