ಇನ್ನೊಬ್ಬ ಮಿಡ್‌ಫೀಲ್ಡರ್ ಬೇಡ, ಡಿಫೆನ್ಸ್ ಲೈನ್ ಮುಂದೆ ತನ್ನಿ

ನಿಮ್ಮ ಫುಟ್‌ಬಾಲ್ ತಂಡದ ಬಗ್ಗೆ ಹಾಕಿದ ಪೋಸ್ಟ್ ಓದಿ ಸುಮ್ನಿರಲು ಆಗಲಿಲ್ಲ. 4-3-3ರಲ್ಲಿ (ಹಿಂದೆ ನಾಲ್ವರು ಡಿಫೆಂಡರ್, ನಡುವೆ ಮೂವರು, ಮುಂದೆ ಮೂವರು) ಮುಂದಿನ ಮೂವರು ಚೆನ್ನಾಗಿ ಪ್ರೆಸ್ ಮಾಡುತ್ತಾರೆ, ಅಂದ್ರೆ ಚೆಂಡಿರುವವನ ಮೇಲೆ ಮುಗಿಬೀಳುತ್ತಾರೆ, ಆದರೂ ಎದುರಾಳಿಯ ಆರನೇ ನಂಬರಿನವನು, ಅಂದ್ರೆ ಡಿಫೆನ್ಸ್ ಮುಂದೆ ನಿಲ್ಲುವ ಮಿಡ್‌ಫೀಲ್ಡರ್, ಆರಾಮಾಗಿ ತಿರುಗಿ ಪಾಸ್ ಕೊಡುತ್ತಾನೆ, ಅದಕ್ಕೆ ಒಬ್ಬ ಫಾರ್ವರ್ಡ್ ತೆಗೆದು ಇನ್ನೊಬ್ಬ ಹೋಲ್ಡಿಂಗ್ (ಹಿಂದೆ ನಿಂತು ಕಾಯುವ) ಮಿಡ್‌ಫೀಲ್ಡರ್ ಹಾಕುತ್ತೇನೆ ಎಂದಿದ್ದೀರಿ. ದಯವಿಟ್ಟು ಹಾಕಬೇಡಿ. ನಾನು ಒಂದಿಡೀ ಸೀಸನ್ ಇದೇ ತಪ್ಪು ಮಾಡಿದ್ದೇನೆ.

ಮೊದಲು 4-2-3-1 ಮಾಡಿದೆ. ಆಗಲಿಲ್ಲ. ಆಮೇಲೆ 4-4-2, ಕೊನೆಗೆ 5-3-2. ಪ್ರತಿ ಸಲವೂ ಅದೇ ಜಾಗದಲ್ಲಿ ಎದುರಾಳಿ ಒಬ್ಬನೇ ನಿಂತಿರುತ್ತಿದ್ದ. ನಮ್ಮ ಮಿಡ್‌ಫೀಲ್ಡರ್‌ಗಳು ಓಡುತ್ತಿಲ್ಲ ಎಂದು ಅವರನ್ನೇ ಬೈದೆ. ಆ ಬೈಗುಳ ನೆನೆದರೆ ಈಗಲೂ ಬೇಜಾರಾಗುತ್ತದೆ. ಸೋತ ಪಂದ್ಯವೊಂದನ್ನು ಯಾರೋ ಎತ್ತರದಿಂದ ಮೊಬೈಲಿನಲ್ಲಿ ಹಿಡಿದಿದ್ದರು. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಗೊತ್ತಾಯಿತು. ಫಾರ್ವರ್ಡ್‌ಗಳು ಎದುರಾಳಿಯ ಪೆನಾಲ್ಟಿ ಬಾಕ್ಸ್ ಅಂಚಿನಲ್ಲಿದ್ದಾರೆ, ಸೆಂಟರ್ ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು) ನಮ್ಮ ಬಾಕ್ಸ್ ಅಂಚಿನಲ್ಲಿ. 105 ಮೀಟರ್ ಮೈದಾನದಲ್ಲಿ ಎರಡೂ ಕಡೆ 16.5 ಮೀಟರ್ ಕಳೆಯಿರಿ. ಉಳಿದದ್ದು 72 ಮೀಟರ್ ಉದ್ದ, 68 ಮೀಟರ್ ಅಗಲ. ಅಷ್ಟನ್ನು ಮೂವರು ಹುಡುಗರು ಕಾಯಬೇಕಿತ್ತು! ಅಲ್ಲಿಗೆ ನಾಲ್ಕನೆಯವನು ಬಂದರೂ ಅವನೂ ಸುಸ್ತಾಗುತ್ತಿದ್ದ ಅಷ್ಟೇ.

ಇಟಲಿಯ ಕೋಚ್ ಅರಿಗೊ ಸಾಕಿ ತಮ್ಮ ಮಿಲಾನ್ ತಂಡದಲ್ಲಿ ಕೊನೆಯ ಡಿಫೆಂಡರ್‌ನಿಂದ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್ ಇರಬೇಕು ಎನ್ನುತ್ತಿದ್ದರು. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ತಂಡ ಅದು. ನಮ್ಮಂಥ ವಾರಾಂತ್ಯದ ತಂಡಗಳಿಗೆ 35 ಮೀಟರ್ ಸಾಕು.

ನನಗೆ ಕೆಲಸ ಮಾಡಿದ್ದು ಹಗ್ಗ. 35 ಮೀಟರ್ ಉದ್ದದ್ದು. ಸಬ್ ಆಟಗಾರರಲ್ಲಿ ಇಬ್ಬರು ಟಚ್‌ಲೈನ್ (ಮೈದಾನದ ಉದ್ದನೆಯ ಪಕ್ಕದ ಗೆರೆ) ಹೊರಗೆ ಅದರ ಎರಡು ತುದಿ ಹಿಡಿಯಬೇಕು. ಒಬ್ಬ ನಮ್ಮ ಕೊನೆಯ ಡಿಫೆಂಡರ್‌ಗೆ ಸರಿಯಾಗಿ ನಡೆಯಬೇಕು, ಇನ್ನೊಬ್ಬ ಸ್ಟ್ರೈಕರ್‌ಗೆ ಸರಿಯಾಗಿ. ಹಗ್ಗ ಬಿಗಿಯಾಯಿತೋ, ವಿಸಿಲ್. ಎಲ್ಲರೂ ನಿಂತಲ್ಲೇ ನಿಂತು ಸುತ್ತ ನೋಡಬೇಕು. ಮೊದಲ ದಿನ ನಿಮಿಷಕ್ಕೊಮ್ಮೆ ವಿಸಿಲ್ ಹೊಡೆದೆ. ಮೂರನೇ ವಾರಕ್ಕೆ ಡಿಫೆಂಡರ್‌ಗಳೇ ‘ಮೇಲೆ, ಮೇಲೆ’ (ಅಂದ್ರೆ ಮುಂದಕ್ಕೆ) ಎಂದು ಕೂಗಲು ಶುರು ಮಾಡಿದರು. ಹತ್ತಿ ಹಗ್ಗ ತನ್ನಿ, ನೈಲಾನ್ ಕೈ ಕೊಯ್ಯುತ್ತದೆ. ಮೈದಾನದ ಒಳಗಂತೂ ಹಗ್ಗ ತರಲೇಬೇಡಿ, ಎಡವುತ್ತಾರೆ.

ಆದರೆ ಕಣ್ಣು ಮುಚ್ಚಿಕೊಂಡು ಡಿಫೆನ್ಸ್ ಲೈನನ್ನು ಮೇಲೆ ತರಬೇಡಿ. ಚೆಂಡು ಇರುವವನ ಮೇಲೆ ಒತ್ತಡ ಇದ್ದರೆ ಮಾತ್ರ. ಅವನು ಬ್ಯಾಕ್‌ಪಾಸ್ ಕೊಟ್ಟ, ಇಲ್ಲವೇ ನಮ್ಮ ಗೋಲಿಗೆ ಬೆನ್ನು ಮಾಡಿದ್ದಾನೆ ಅಂದ್ರೆ ಮೇಲೆ ಬನ್ನಿ. ತಲೆ ಎತ್ತಿ ನೋಡಿ ಕಾಲು ಹಿಂದಕ್ಕೆ ಎಳೆದನೋ, ಐದು ಹೆಜ್ಜೆ ಹಿಂದೆ ಓಡಿ, ಲಾಂಗ್ ಬಾಲ್ ಬರುತ್ತಿದೆ. ಗೋಲ್‌ಕೀಪರ್ ಗೋಲ್ ಲೈನಿಗೆ ಅಂಟಿಕೊಂಡಿದ್ದರೆ ಇದೆಲ್ಲ ವ್ಯರ್ಥ. ಲೈನ್ ಮೇಲೆ ಹೋದಾಗ ಅವನು ಬಾಕ್ಸ್ ಅಂಚಿಗೆ ಬರಲೇಬೇಕು. ಸೆಂಟರ್ ಲೈನ್ ದಾಟಿ ಮಾತ್ರ ಹೋಗಬೇಡಿ. ಎದುರಾಳಿ ತನ್ನ ಅರ್ಧದಲ್ಲಿ ನಿಂತಿದ್ದರೆ ಆಫ್‌ಸೈಡ್ (ಡಿಫೆನ್ಸ್ ಲೈನ್ ದಾಟಿ ನಿಂತವನಿಗೆ ಪಾಸ್ ಕೊಟ್ಟರೆ ಆಗುವ ತಪ್ಪು) ಇಲ್ಲ. ಇಬ್ಬರು ಸೆಂಟರ್ ಬ್ಯಾಕ್‌ಗಳೂ ನಿಧಾನ ಅಂದ್ರೆ ಉಲ್ಟಾ ಮಾಡಿ. ಫಾರ್ವರ್ಡ್‌ಗಳನ್ನು ಸೆಂಟರ್ ಸರ್ಕಲ್‌ಗೆ ಇಳಿಸಿ, ಅಲ್ಲಿಂದ ಪ್ರೆಸ್ ಶುರು ಮಾಡಿ. ಹಗ್ಗದ ಅಳತೆ ಅದೇ.

ಪಂದ್ಯವನ್ನು ತಾನೇ ಚಿತ್ರೀಕರಿಸುವ ವಿಯೊ ಕ್ಯಾಮೆರಾ ತಗೊಳ್ಳಲಾ ಎಂದೂ ಕೇಳಿದ್ದೀರಿ. ಚೆನ್ನಾಗಿದೆ, ಆದರೆ ಈಗ ಬೇಡ. ಎತ್ತರದಲ್ಲಿ ಒಂದು ಮೊಬೈಲ್ ಸಾಕು. ಝೂಮ್ ಮಾಡಬೇಡಿ. ಚೆಂಡಿನ ಹಿಂದೆ ಓಡುವ ವಿಡಿಯೊದಲ್ಲಿ ಖಾಲಿ ಜಾಗ ಕಾಣುವುದೇ ಇಲ್ಲ.

ನಿಮ್ಮ ಪೋಸ್ಟಿನಲ್ಲಿದ್ದ ಫೋಟೊದಲ್ಲಿ ಇನ್ನೊಂದು ಕಂಡೆ. ಚೆಂಡು ನಿಮ್ಮದೇ, ಆದರೆ ಎಡ ವಿಂಗರ್ (ಎಡಬದಿಯ ಫಾರ್ವರ್ಡ್), ಎಡ ಬ್ಯಾಕ್ (ಎಡಬದಿಯ ಡಿಫೆಂಡರ್) ಇಬ್ಬರೂ ಟಚ್‌ಲೈನಿನಲ್ಲಿ. ಅಂದ್ರೆ ಒಬ್ಬನೇ ಎದುರಾಳಿ ಇಬ್ಬರನ್ನೂ ನೋಡಿಕೊಳ್ಳುತ್ತಾನೆ. ಮೈದಾನದ ಗೆರೆಗಳನ್ನೇ ಬಳಸಿ. ಟಚ್‌ಲೈನಿನಿಂದ ದೊಡ್ಡ ಬಾಕ್ಸಿನ ಗೆರೆಯವರೆಗೆ ಸುಮಾರು 14 ಮೀಟರ್, ಅಲ್ಲಿಂದ ಚಿಕ್ಕ ಬಾಕ್ಸಿನ ಗೆರೆಯವರೆಗೆ 11. ಒಬ್ಬ ಹೊರಗಿನ ಪಟ್ಟಿಯಲ್ಲಿದ್ದರೆ ಇನ್ನೊಬ್ಬ ಒಳಗಿನ ಪಟ್ಟಿಗೆ. ಗೆರೆಗಳನ್ನು ಮುಂದಕ್ಕೆ ಎಳೆದಂತೆ ಫ್ಲಾಟ್ ಮಾರ್ಕರ್ ಇಡಿ. ಎತ್ತರದ ಕೋನ್ ಬೇಡ, ಚೆಂಡು ತಾಗಿ ಬೀಳುತ್ತಲೇ ಇರುತ್ತದೆ.

ನಿಮ್ಮ ಸ್ಟ್ರೈಕರ್ ಕೆಳಗಿಳಿದು, ಅಂದ್ರೆ ಮಿಡ್‌ಫೀಲ್ಡ್ ಕಡೆಗೆ ಬಂದು ಆಡುತ್ತಾನಲ್ಲ, ಅದಕ್ಕೆ ಬೈಯಬೇಡಿ. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿಯ ಸ್ಟ್ರೈಕರ್ ಹಿಡೆಗ್‌ಕುಟಿ ಹಾಗೆ ಇಳಿದಾಗ ಇಂಗ್ಲೆಂಡಿನ ಸೆಂಟರ್ ಹಾಫ್ (ಅವರನ್ನು ಕಾಯಬೇಕಿದ್ದ ಡಿಫೆಂಡರ್) ಹ್ಯಾರಿ ಜಾನ್‌ಸ್ಟನ್‌ಗೆ ಹಿಂದೆ ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಹಿಡೆಗ್‌ಕುಟಿ ಮೂರು ಗೋಲು ಹೊಡೆದರು, ಇಂಗ್ಲೆಂಡ್ 6-3ರಿಂದ ಸೋತಿತು. ಆದರೆ ನಿಮ್ಮ ಸ್ಟ್ರೈಕರ್ ಇಳಿದಾಗ ಒಬ್ಬ ವಿಂಗರ್ ಆ ಜಾಗಕ್ಕೆ ಓಡಲೇಬೇಕು. ಇಲ್ಲದಿದ್ದರೆ ಎದುರಾಳಿಯ ಸೆಂಟರ್ ಬ್ಯಾಕ್‌ಗಳಿಗೆ ಪುಕ್ಕಟೆ ವಿಶ್ರಾಂತಿ.

ಥ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ ಎಂಬುದನ್ನು ಹುಡುಗರಿಗೆ ಇನ್ನೊಮ್ಮೆ ಹೇಳಿ. ನಿಮ್ಮ ಥ್ರೋ-ಇನ್ ಬಂದಾಗ ಒಬ್ಬನನ್ನು ಎದುರಾಳಿಯ ಡಿಫೆನ್ಸ್ ಲೈನಿನ ಹಿಂದೆ ನಿಲ್ಲಿಸಿ ನೋಡಿ. ಹಗ್ಗದ ಕೆಲಸ ಎರಡು ವಾರ ಮಾಡಿ, ಆಮೇಲೆ ವಿಡಿಯೊ ಇಲ್ಲೇ ಹಾಕಿ, ನೋಡುತ್ತೇನೆ.