ಯಾವುದು ಕಡಿಮೆ ಬಿದ್ದಿದೆ ಎಂದು ಹೇಳಿ

ಪ್ರಿಯ ಲೇಖಕರೇ,

ಸಮುದ್ರದ ಸಸ್ಯಪ್ಲವಕಗಳ (ನೀರಿನಲ್ಲಿ ತೇಲುತ್ತ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮ ಜೀವಿಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ವಿಷಯ ತುಂಬಾ ಚೆನ್ನಾಗಿದೆ.

ಸಮುದ್ರವನ್ನು ಹೊಲಕ್ಕೆ ಹೋಲಿಸಿದ್ದೀರಿ. ಗೊಬ್ಬರ ಬಿದ್ದರೆ ಬೆಳೆ ಬರುತ್ತದೆ ಎಂದಿದ್ದೀರಿ. ಈ ಹೋಲಿಕೆ ಓದುಗರನ್ನು ದಾರಿ ತಪ್ಪಿಸುತ್ತದೆ. ಹೊಲದಲ್ಲಿ ಉದುರಿದ ಎಲೆ ಬೇರಿನ ಬಳಿಯೇ ಕೊಳೆಯುತ್ತದೆ. ಸಮುದ್ರದಲ್ಲಿ ಸತ್ತದ್ದು ಮುಳುಗುತ್ತದೆ. ಬೆಳಕು ಇರುವುದು ಮೇಲಿನ ನೂರಿನ್ನೂರು ಮೀಟರಿನಲ್ಲಿ, ಪೋಷಕಾಂಶ ಸೇರಿಕೊಳ್ಳುವುದು ಅದರ ಕೆಳಗಿನ ಕತ್ತಲಲ್ಲಿ. ಬೆಚ್ಚಗಿನ ನೀರು ಹಗುರ, ಮೇಲೆಯೇ ನಿಲ್ಲುತ್ತದೆ, ಕೆಳಗಿನ ತಣ್ಣೀರಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಉಷ್ಣವಲಯದ ನಡುಗಡಲು ಅಷ್ಟೊಂದು ತಿಳಿನೀಲಿಯಾಗಿ ಕಾಣುವುದು ಅಲ್ಲಿ ಪ್ಲವಕಗಳು ಕಡಿಮೆ ಇರುವುದರಿಂದ. ಪೆರು ಕರಾವಳಿಯಲ್ಲಿ ಗಾಳಿಯಿಂದಾಗಿ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಆಳದ ನೀರು ಮೇಲೇಳುತ್ತದೆ. ಹಾಗಾಗಿ ಅಲ್ಲಿ ಪ್ಲವಕವೂ ಜಾಸ್ತಿ, ಮೀನೂ ಜಾಸ್ತಿ. ಈ ಎರಡು ಕಡಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ, ಸಾಕು.

ಇನ್ನೊಂದು ಕೊರತೆ ದೊಡ್ಡದು. ಲೇಖನದುದ್ದಕ್ಕೂ 'ಪೋಷಕಾಂಶ' ಎನ್ನುತ್ತೀರಿ, ಯಾವುದು ಎಂದು ಹೇಳುವುದೇ ಇಲ್ಲ. ಪ್ಲವಕಗಳ ದೇಹದಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ, 1 ರಂಜಕ ಇರುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಬೆಳವಣಿಗೆ ನಿಂತಿತು. ಉಳಿದದ್ದು ಎಷ್ಟಿದ್ದರೇನು? ಬೆಚ್ಚಗಿನ ಕಡಲುಗಳಲ್ಲಿ ಹೆಚ್ಚಾಗಿ ಸಾರಜನಕ ಮೊದಲು ಖಾಲಿಯಾಗುತ್ತದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ ಮಾತ್ರ ನೈಟ್ರೇಟ್, ಅಂದರೆ ಪ್ಲವಕಗಳಿಗೆ ಬೇಕಾದ ಸಾರಜನಕ, ಧಾರಾಳವಾಗಿದ್ದರೂ ಪ್ಲವಕಗಳು ಕಡಿಮೆ. ಅಲ್ಲಿ ಸಿಗದಿರುವುದು ಕಬ್ಬಿಣ ಎಂದು 1980ರ ದಶಕದ ಕೊನೆಯಲ್ಲಿ ಗಟ್ಟಿಯಾಗಿ ವಾದಿಸಿದವರು ಅಮೆರಿಕದ ಸಾಗರವಿಜ್ಞಾನಿ ಜಾನ್ ಮಾರ್ಟಿನ್. ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿ ಉಳಿಯುವುದೇ ಕಷ್ಟ, ಅದನ್ನು ಹೊತ್ತು ತರುವ ಮರುಭೂಮಿಯ ಧೂಳು ಅಷ್ಟು ದೂರ ಹೋಗುವುದೂ ಕಡಿಮೆ. ಸಮಭಾಜಕದ ಬಳಿಯ ಪೂರ್ವ ಪೆಸಿಫಿಕ್‌ನಲ್ಲೂ ಇಂಥದೇ ಸ್ಥಿತಿ. 1993ರಲ್ಲಿ ಅಲ್ಲಿನ ಗಲಾಪಗೋಸ್ ದ್ವೀಪಗಳ ಬಳಿ ಕಬ್ಬಿಣ ಬೆರೆಸಿ ನೋಡಿದಾಗ ಪ್ಲವಕಗಳು ನಿಜಕ್ಕೂ ಹೆಚ್ಚಿದವು. ಅದನ್ನು ನೋಡಲು ಮಾರ್ಟಿನ್ ಇರಲಿಲ್ಲ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಇಂಥ ಕಥೆ ಕೈಯಲ್ಲಿದ್ದರೂ ಬಿಟ್ಟಿದ್ದೀರಲ್ಲ ಎಂದು ಬೇಸರವಾಯಿತು.

ಕೊನೆಯ ಪುಟವನ್ನಂತೂ ತೆಗೆದುಹಾಕಿ. ಕಡಲಿಗೆ ಕಬ್ಬಿಣ ಸುರಿದರೆ ಪ್ಲವಕಗಳು ಹೆಚ್ಚಿ, ಗಾಳಿಯ ಇಂಗಾಲವನ್ನು ಹೀರಿ ಆಳಕ್ಕೆ ಒಯ್ದು, ಭೂಮಿ ತಂಪಾಗುತ್ತದೆ ಎಂದು ಸುಮ್ನೆ ಬರೆದುಬಿಡುವಂತಿಲ್ಲ. 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಸೇರಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಲೋಹಾಫೆಕ್ಸ್ ಪ್ರಯೋಗ ಮಾಡಿದರು. ಕಬ್ಬಿಣ ಕೊಟ್ಟರು, ಆದರೆ ಅಲ್ಲಿನ ನೀರಿನಲ್ಲಿ ಸಿಲಿಕೇಟ್ ತೀರಾ ಕಡಿಮೆ ಇತ್ತು. ಸಿಲಿಕಾ ಕವಚ ಕಟ್ಟಿಕೊಳ್ಳುವ ಡಯಾಟಮ್‌ಗಳು ಬೆಳೆಯಲಾಗಲಿಲ್ಲ. ಬೆಳೆದ ಬೇರೆ ಸಣ್ಣ ಪಾಚಿಗಳನ್ನು ಪ್ರಾಣಿಪ್ಲವಕಗಳು (ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳು) ತಿಂದವು. ಆಳಕ್ಕೆ ಇಳಿದ ಇಂಗಾಲ ತೀರಾ ಕಡಿಮೆ. ಒಂದು ಕೊರತೆ ತುಂಬಿದಾಗ ಇನ್ನೊಂದು ಎದುರಾಯಿತು, ಅಲ್ವಾ?

ಲೋಹಾಫೆಕ್ಸ್‌ನಿಂದಲೇ ಶುರುಮಾಡಿ ಮತ್ತೆ ಬರೆಯಿರಿ. ತಿಮಿಂಗಿಲಗಳ ಪ್ಯಾರಾ ಚೆನ್ನಾಗಿದೆ, ಅದನ್ನು ಹಾಗೇ ಇಟ್ಟುಕೊಳ್ಳಿ. ಹೊಸ ಪ್ರತಿ ಸಿದ್ಧವಾದ ಕೂಡಲೇ ನನಗೇ ಕಳಿಸಿ.