ಉಡುಗೊರೆಯಾಗಿ ಬಂದ 12 ವರ್ಷದ ಸಿಂಗಲ್ ಮಾಲ್ಟ್ (ಒಂದೇ ಕಾರ್ಖಾನೆಯಲ್ಲಿ ಬರೀ ಬಾರ್ಲಿ ಮಾಲ್ಟ್‌ನಿಂದ ಮಾಡಿದ ವಿಸ್ಕಿ) ಬಾಟ್ಲಿಯನ್ನು ಶಾಲೆಗೆ ಹೋಗುವ ಮಗಳ ಮದುವೆವರೆಗೆ ಇಟ್ಟರೆ ರುಚಿ ಜಾಸ್ತಿಯಾಗುತ್ತಾ? ನಮ್ಮ ಕರಾವಳಿಯ ಸೆಕೆಯಲ್ಲಿ ಬೇಗ ಹಣ್ಣಾಗುತ್ತೆ ಅಲ್ವಾ? ಸ್ಕಾಚ್ ಇಡಲೋ, ಬೆಂಗಳೂರಿನ ಅಮೃತ್ ವಿಸ್ಕಿ ಇಡಲೋ?

ಎರಡನ್ನೂ ಇಡಬೇಡಿ. ಇನ್ನೂ ಶಾಲೆಗೆ ಹೋಗುವ ಮಗಳ ಮದುವೆಗೆ ಅಂತ ಈಗಲೇ ಬಾಟ್ಲಿ ಎತ್ತಿಡುವ ಆಸೆ ನನಗೆ ಚೆನ್ನಾಗಿ ಗೊತ್ತು, ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಕುವೈತ್‌ನಿಂದ ರಜೆಗೆ ಬಂದ ಮಾವ ಒಂದು 12 ವರ್ಷದ ಸ್ಕಾಚ್ ಸಿಂಗಲ್ ಮಾಲ್ಟ್ ತಂದಿದ್ದರು. ತಂಗಿಯ ರೋಸ್ (ಮದುವೆಗೆ ಮುಂಚೆ ನಡೆಯುವ ನಮ್ಮ ಶಾಸ್ತ್ರ) ದಿನ ತೆಗೆಯೋಣ ಅಂತ ಪಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ತಂಗಿ ಆಗಿನ್ನೂ ಹೈಸ್ಕೂಲು. ನಾನು ಎಲ್ಲೋ ಒಂದು ಹೋಟೆಲಿನಲ್ಲಿ ವೈನ್ ಬಾಟ್ಲಿಗಳನ್ನು ಅಡ್ಡ ಮಲಗಿಸಿ ಇಟ್ಟದ್ದನ್ನು ನೋಡಿದ್ದೆ. ವಿಸ್ಕಿಗೂ ಅದೇ ಕ್ರಮ ಅಂದುಕೊಂಡು ಬಟ್ಟೆ ಸುತ್ತಿ ಅಟ್ಟದ ಮೇಲೆ ಅಡ್ಡ ಮಲಗಿಸಿದೆ.

ತಪ್ಪಾದದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೈನ್‌ನಲ್ಲಿ ಆಲ್ಕೋಹಾಲ್ ಸುಮಾರು 12ರಿಂದ 14 ಶೇಕಡಾ. ಬಿರಡೆ ಒಣಗಿ ಬಿರುಕು ಬಿಡಬಾರದು, ಯಾವಾಗಲೂ ಒದ್ದೆಯಾಗಿರಬೇಕು ಅಂತ ಅದನ್ನು ಮಲಗಿಸುತ್ತಾರೆ. ವಿಸ್ಕಿಯಲ್ಲಿ ಆಲ್ಕೋಹಾಲ್ 40 ಶೇಕಡಾ ಅಥವಾ ಅದಕ್ಕಿಂತ ಮೇಲೆ. ಅಷ್ಟು ಖಾರದ ದ್ರವ ವರ್ಷಗಟ್ಟಲೆ ತಾಗಿಕೊಂಡೇ ಇದ್ದರೆ ಕಾರ್ಕ್ ಮೆತ್ತಗಾಗಿ ಪುಡಿಯಾಗುತ್ತದೆ. ಕಾರ್ಕ್ ಸಡಿಲವಾದರೆ ಗಾಳಿ ಒಳಗೆ, ಪರಿಮಳ ಹೊರಗೆ. ಅದರ ಮೇಲೆ ನಮ್ಮದು ಹಂಚಿನ ಮಾಡು, ಎಪ್ರಿಲ್ ಮೇ ಸೆಕೆಯಲ್ಲಿ ಅಟ್ಟ ಹೇಗಿರುತ್ತೆ ಅಂತ ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ. ನೆಟ್ಟಗೆ ನಿಲ್ಲಿಸಿ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ರೋಸ್ ದಿನ ರಾತ್ರಿ ಪಪ್ಪ ಬಿರಡೆ ತಿರುಗಿಸಿದಾಗ ಮೇಲಿನ ಮುಚ್ಚಳ ಮಾತ್ರ ಕೈಗೆ ಬಂತು. ಉಳಿದದ್ದು ಕತ್ತಿನಲ್ಲೇ ಮುರಿದು, ಕಂದು ಪುಡಿಯಾಗಿ ಒಳಗೆ ತೇಲಿತು. ವಿಸ್ಕಿಯ ಮಟ್ಟ ಬಾಟ್ಲಿಯ ಹೆಗಲಿಗಿಂತ ಕೆಳಗೆ ಇಳಿದಿತ್ತು. ಮೂಗಿನ ಹತ್ತಿರ ಹಿಡಿದರೆ ಒದ್ದೆ ರಟ್ಟಿನ ವಾಸನೆ. ಮಾವ ಎದುರಿಗೇ ಕೂತಿದ್ದರು. ಪಪ್ಪ ಏನೂ ಹೇಳಲಿಲ್ಲ, ಅದೇ ನನಗೆ ಜಾಸ್ತಿ ಬೇಸರ.

ಆಮೇಲೆ ಈ ವಿಷಯ ಓದುತ್ತಾ ಹೋದೆ. ಆಗ ತಿಳಿದದ್ದು, ಅಡ್ಡ ಮಲಗಿಸದೇ ಇದ್ದಿದ್ದರೂ ಆ ವಿಸ್ಕಿ 12 ವರ್ಷದ್ದಾಗಿಯೇ ಉಳಿಯುತ್ತಿತ್ತು. ಲೇಬಲ್ ಮೇಲಿನ ವಯಸ್ಸು ಪೀಪಾಯಿಯಲ್ಲಿ ಕಳೆದ ವರ್ಷಗಳದ್ದು. ಗಾಜಿನೊಳಗೆ ಹೋದ ದಿನ ಲೆಕ್ಕ ನಿಂತಿತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಪುಡಿ ಮಾಡಿ ಬಿಸಿನೀರಿನಲ್ಲಿ ಸಿಹಿ ತೆಗೆದು, ಯೀಸ್ಟ್ ಹಾಕಿ ಹುದುಗಿಸಿ, ಪಾಟ್ ಸ್ಟಿಲ್ ಅನ್ನುವ ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಗ ಬರುವುದು ನೀರಿನಂತೆ ಬಣ್ಣವಿಲ್ಲದ ದ್ರವ. ಬಣ್ಣ, ರುಚಿಯ ದೊಡ್ಡ ಪಾಲು ಎಲ್ಲ ಓಕ್ ಮರದ ಪೀಪಾಯಿಯಿಂದ. ಸೆಕೆಗೆ ಮರದೊಳಗೆ ಇಳಿಯುತ್ತೆ, ತಂಪಿಗೆ ಹೊರಬರುತ್ತೆ. ಗಾಜು ಏನು ಕೊಡುತ್ತೆ ಹೇಳಿ?

ಕರಾವಳಿಯ ಸೆಕೆಯಲ್ಲಿ ಬೇಗ ಹಣ್ಣಾಗುತ್ತೆ ಅಂತ ನೀವು ಬರೆದದ್ದು ಅರ್ಧ ಸರಿ. ಪೀಪಾಯಿಯಲ್ಲಿದ್ದರೆ ಮಾತ್ರ. ವಿಸ್ಕಿ ಮಾಡುವ ಪಾಲ್ ಜಾನ್‌ನವರು ಗೋವಾದ ಸೆಕೆಯಲ್ಲಿ ಮಾಡುತ್ತಿರುವುದು ಅದನ್ನೇ. ಬೆಂಗಳೂರಿನ ಅಮೃತ್ ಕಥೆಯೂ ಇದೇ, ನಾವು ಕನ್ನಡಿಗರು ಅದನ್ನು ಇನ್ನೂ ಜಾಸ್ತಿ ಹೇಳಿಕೊಳ್ಳಬೇಕು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರು ಮಾಡಿದ ಕಂಪನಿ. 1980ರ ದಶಕದಲ್ಲಿ ಅವರು ಮಾಲ್ಟ್ ಭಟ್ಟಿ ಇಳಿಸಿದ್ದು ಬೇರೆ ವಿಸ್ಕಿಗೆ ಬೆರೆಸಲು. ಅದನ್ನೇ ಸಿಂಗಲ್ ಮಾಲ್ಟ್ ಮಾಡಿ 2004ರಲ್ಲಿ ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಸ್ಕಾಚ್‌ನವರ ಊರಾದ ಗ್ಲಾಸ್ಗೋದಲ್ಲೇ! ಆ ಧೈರ್ಯ ನನಗೆ ತುಂಬಾ ಇಷ್ಟ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾದರೆ ಬೆಂಗಳೂರಿನಲ್ಲಿ 10ರಿಂದ 12 ಶೇಕಡಾ. ನೂರು ಲೀಟರ್ ತುಂಬಿಸಿದರೆ ಐದು ವರ್ಷಕ್ಕೆ ಉಳಿಯುವುದು 55 ಲೀಟರ್ ಆಸುಪಾಸು. ಹಾಗಾಗಿ ಅವರ ಹೆಚ್ಚಿನ ಬಾಟ್ಲಿಗಳ ಮೇಲೆ ದೊಡ್ಡ ವಯಸ್ಸು ಇರುವುದಿಲ್ಲ, ಅದನ್ನು ಕೊರತೆ ಅಂತ ತಿಳಿಯುವುದು ತಪ್ಪು. ಅವರ ಸಿಂಗಲ್ ಮಾಲ್ಟ್ ಫ್ಯೂಷನ್‌ನಲ್ಲಿ ನಮ್ಮ ದೇಶದ ಬಾರ್ಲಿ ಮುಕ್ಕಾಲು ಪಾಲು, ಪೀಟ್ (ಜೌಗು ನೆಲದಿಂದ ತೆಗೆದು ಒಣಗಿಸಿದ ಮಣ್ಣು) ಉರಿಸಿ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಕಾಲು ಪಾಲು. 2010ರಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅದಕ್ಕೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ಅದಕ್ಕೂ ವಯಸ್ಸು ಬರೆದಿಲ್ಲ.

ನಿಮ್ಮಲ್ಲಿರುವ ಬಾಟ್ಲಿಯನ್ನು ಈ ಕ್ರಿಸ್ಮಸ್‌ಗೇ ತೆಗೆಯಿರಿ. ಕೊಟ್ಟವರು ಊರಲ್ಲಿದ್ದರೆ ಅವರನ್ನೂ ಕರೆಯಿರಿ. ಮಗಳ ಮದುವೆಗೆ ಆಗ ಸಿಗುವ ಹೊಸದನ್ನೇ ತನ್ನಿ. ಇಲ್ಲ, ಇಟ್ಟೇ ಇಡುತ್ತೇನೆ ಅಂತಾದರೆ ಸೀಲ್ ಒಡೆಯದೆ, ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ತಂಪು ಕಪಾಟಿನಲ್ಲಿಡಿ. ಅಡುಗೆಕೋಣೆಯಲ್ಲಿ ಬೇಡ, ಅಟ್ಟದಲ್ಲಂತೂ ಬೇಡವೇ ಬೇಡ. ಮುಂದೆ ತೆಗೆಯುವಾಗ ಕಾರ್ಕ್ ಮುರಿದರೂ ಗಾಬರಿಯಾಗಿ ಸುಮ್ನೆ ಚೆಲ್ಲಬೇಡಿ. ಮೊದಲು ವಾಸನೆ ನೋಡಿ. ಚೆನ್ನಾಗಿದ್ದರೆ ತೆಳು ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟ್ಲಿಗೆ ಹಾಕಿ, ತಿರುಪು ಮುಚ್ಚಳ ಬಿಗಿ ಮಾಡಿ.